ಮೀನನ್ನು ಅಟ್ಟಿ ತರುವ ತಿಮಿಂಗಿಲ

ನಾರ್ವೆ ದೇಶದ ಉತ್ತರದ ಅಂಚನ್ನು ಭೂಪಟದಲ್ಲಿ ನೋಡಿದರೆ, ನೆಲವು ಕಡಲಿಗೆ ಎದುರು ನಿಲ್ಲಲಾರದೆ ಚೂರುಚೂರಾದಂತೆ ಕಾಣುತ್ತದೆ. ಕಡಿದಾದ ಬೆಟ್ಟಗಳ ನಡುವೆ ಸಮುದ್ರವು ಮೈಲಿಗಟ್ಟಲೆ ಒಳನುಗ್ಗಿದೆ. ಈ ಕಡಲಸೀಳುಗಳಿಗೆ ಫಿಯಾರ್ಡ್ ಎಂದು ಹೆಸರು. ಟ್ರೋಮ್ಸೊ ಪಟ್ಟಣದ ಈಶಾನ್ಯಕ್ಕೆ, ಸುಮಾರು 70 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಶೆರ್ವೊಯ್ ಎಂಬ ಬೆಸ್ತರ ದ್ವೀಪವೊಂದುಂಟು. ನವೆಂಬರ್ ಕೊನೆಯ ವಾರದಿಂದ ಜನವರಿಯ ನಡುವಿನವರೆಗೆ ಅಲ್ಲಿ ಸೂರ್ಯ ಹುಟ್ಟುವುದಿಲ್ಲ. ನಡುಹಗಲಿನಲ್ಲಿ ಎರಡು ಮೂರು ಗಂಟೆಗಳ ಕಾಲ ನೀಲಿಯಾದ ಮಬ್ಬು ಬೆಳಕು ಹರಡುತ್ತದೆ; ಬಳಿಕ ಮತ್ತೆ ಕತ್ತಲು. ಹಿಂದಿನವರು ಊರು ಬಿಟ್ಟು ಕದಲಲು ಹೆದರುತ್ತಿದ್ದ ಈ ಋತುವಿನಲ್ಲಿಯೇ ಈಗ ದೂರದೇಶಗಳ ಜನ ಅಲ್ಲಿಗೆ ಬರುತ್ತಾರೆ. ಬಗೆಬಗೆಯ ದೋಣಿಗಳಲ್ಲಿ ಕಡಲಿಗೆ ಇಳಿಯುತ್ತಾರೆ. ಅವುಗಳಲ್ಲಿ ಒಂದು ಕಾಲಕ್ಕೆ ಮೀನು ಹಿಡಿಯಲೆಂದೇ ಕಟ್ಟಿದ, ಈಗ ಹಾಯಿ ಏರಿಸಿಕೊಂಡು ಯಾತ್ರಿಕರನ್ನು ಹೊರುವ ಹಳೆಯ ಮರದ ಹಡಗುಗಳೂ ಸೇರಿವೆ. ಹಗಲೆಂಬ ಆ ಅಲ್ಪಾವಧಿಯಲ್ಲಿ ಓರ್ಕಾ ಮತ್ತು ಗೂನುಬೆನ್ನಿನ ತಿಮಿಂಗಿಲಗಳನ್ನೂ, ಇರುಳು ಬಾನಿನಲ್ಲಿ ಆಡುವ ಧ್ರುವಪ್ರಭೆಯನ್ನೂ ನೋಡುವುದಷ್ಟೇ ಅವರ ಉದ್ದೇಶ.

ನೋಡುವುದಷ್ಟೇ ಎಂದೆ. ಇದು ಮೇಲುನೋಟಕ್ಕೆ ಬಹಳ ಸಹಜವಾದ ಬಯಕೆಯೆಂದು ತೋರಬಹುದು. ಆದರೆ ಆ ನೀರಿನ ಚರಿತ್ರೆಯನ್ನು ಓದಿದವನಿಗೆ ಅದರಷ್ಟು ಹೊಸದಾದ ಸಂಗತಿ ಬೇರೊಂದಿಲ್ಲ. ಸಾವಿರದ ನೂರು ವರ್ಷಗಳಿಂದ ಮನುಷ್ಯನು ಅಲ್ಲಿ ತಿಮಿಂಗಿಲವನ್ನು ಕಂಡಿದ್ದಾನೆ. ಆದರೆ ಕಂಡಾಗಲೆಲ್ಲ ಅವನ ಮನಸ್ಸಿನಲ್ಲಿದ್ದದ್ದು ಮೀನಿನ ಲೆಕ್ಕ. ತಿಮಿಂಗಿಲ ಮೀನನ್ನು ತರುತ್ತದೆಯೋ ಕೊಂಡೊಯ್ಯುತ್ತದೆಯೋ ಎಂಬ ಒಂದು ಪ್ರಶ್ನೆಯ ಮೇಲೆ ಆ ಪ್ರಾಣಿಯ ಅಳಿವು ಉಳಿವು ನಿಂತಿತ್ತು.

ಈ ಕಡಲಿನ ಬಗ್ಗೆ ನಮಗೆ ದೊರೆತಿರುವ ಅತಿ ಹಳೆಯ ವರದಿ ಸುಮಾರು ಕ್ರಿ. ಶ. 890ರದು. ಓಟ್ಟರ್ ಎಂಬ ನಾರ್ವೆಯ ಧನಿಕನೊಬ್ಬ ಇಂಗ್ಲೆಂಡಿನ ದೊರೆ ಆಲ್ಫ್ರೆಡ್‌ನ ಆಸ್ಥಾನಕ್ಕೆ ಬಂದು ತನ್ನ ನಾಡಿನ ಸುದ್ದಿ ಹೇಳಿದನು. ದೊರೆಯ ಲಿಪಿಕಾರರು ಅದನ್ನು ಬರೆದಿಟ್ಟುಕೊಂಡರು. ನಾರ್ವೆಯವರಲ್ಲೆಲ್ಲ ಅತ್ಯಂತ ಉತ್ತರದಲ್ಲಿ ವಾಸಿಸುವವನು ತಾನೇ ಎಂದು ಅವನ ಹೆಮ್ಮೆ. ನೆಲವು ಉತ್ತರಕ್ಕೆ ಎಲ್ಲಿಯವರೆಗೆ ಹಬ್ಬಿದೆ, ಅದರಾಚೆ ಯಾರಾದರೂ ಇದ್ದಾರೆಯೆ ಎಂದು ತಿಳಿಯುವ ಆಸೆಯಿಂದ ಅವನು ಹಾಯಿ ಕಟ್ಟಿ ಹೊರಟನು. ಮೂರು ದಿನ ಸಾಗಿದ ಮೇಲೆ ತಿಮಿಂಗಿಲ ಬೇಟೆಗಾರರು ತಲಪುವ ಕಟ್ಟಕಡೆಯ ತಾಣ ಸಿಕ್ಕಿತು. ಅವನು ಅಲ್ಲಿಯೂ ನಿಲ್ಲಲಿಲ್ಲ. ಬರಿಯ ಕುತೂಹಲಕ್ಕಾಗಿ ಆ ನೀರಿನಲ್ಲಿ ಹಾಯಿ ಬಿಚ್ಚಿದವರಲ್ಲಿ ನಮಗೆ ಹೆಸರು ಗೊತ್ತಿರುವ ಮೊದಲಿಗ ಇವನೇ ಎನ್ನಬಹುದು. ಬರಿಯ ಕುತೂಹಲ ಎಂದರೂ ತಪ್ಪಾದೀತು, ವಾಲ್ರಸ್ ದಂತದ ಮೇಲೂ ಅವನಿಗೆ ಕಣ್ಣಿತ್ತೆಂದು ಅವನೇ ಹೇಳಿಕೊಂಡಿದ್ದಾನೆ. ತನ್ನೂರಿನ ತಿಮಿಂಗಿಲಗಳು ನಲವತ್ತೆಂಟು ಮೊಳ ಉದ್ದವೆಂದೂ, ಅಂಥವನ್ನು ಆರು ಮಂದಿ ಎರಡೇ ದಿನಗಳಲ್ಲಿ ಅರವತ್ತು ಕೊಂದೆವೆಂದೂ ಅವನು ಕೊಚ್ಚಿಕೊಂಡನು. ಲಿಪಿಕಾರನೇ ವಾಲ್ರಸ್ಸಿನ ಲೆಕ್ಕವನ್ನು ತಿಮಿಂಗಿಲದ ಖಾತೆಗೆ ಸೇರಿಸಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಆಸ್ಥಾನದಲ್ಲಿ ಮಾತಾಡುವ ಪ್ರವಾಸಿಗಳ ಸ್ವಭಾವವನ್ನು ಬಲ್ಲವರು ಬೇರೆಯೇ ಊಹೆ ಮಾಡಿಯಾರು.

ಸುಮಾರು 1250ರ ಹೊತ್ತಿಗೆ ನಾರ್ವೆಯಲ್ಲಿ ಇನ್ನೊಂದು ಗ್ರಂಥ ಹುಟ್ಟಿತು. 'ಅರಸನ ಕನ್ನಡಿ' ಎಂದು ಅದರ ಹೆಸರಿನ ಅರ್ಥ. ಮಗನು ಪ್ರಶ್ನೆ ಕೇಳುತ್ತಾನೆ, ತಂದೆ ಉತ್ತರ ಹೇಳುತ್ತಾನೆ. ನಮ್ಮ ಪುರಾಣಗಳ ಗುರುಶಿಷ್ಯ ಸಂವಾದದ ಓದುಗರಿಗೆ ಈ ರೀತಿ ಅಪರಿಚಿತವಲ್ಲ. ಅದರಲ್ಲಿ ಗ್ರೀನ್‌ಲ್ಯಾಂಡಿನ ಆಕಾಶದಲ್ಲಿ ತೋರುವ ಬೆಳಕಿನ ಪ್ರಸ್ತಾಪವಿದೆ. ದೂರದಲ್ಲಿ ಉರಿಯುವ ದೊಡ್ಡ ಬೆಂಕಿಯ ಹಾಗೆ ಅದು ಕಾಣುತ್ತದಂತೆ. ಇರುಳು ಕಪ್ಪಾದಷ್ಟೂ ಅದು ಬೆಳಗುತ್ತದಂತೆ. ಅದು ಏನು? ಕಡಲನ್ನು ಸುತ್ತುವರಿದಿರುವ ಅಗ್ನಿಯ ಹೊಳಪೆಂದು ಕೆಲವರು. ಭೂಮಿಯ ಅಂಚಿನ ಕೆಳಗಿಳಿದ ಸೂರ್ಯನ ಕಿರಣಗಳು ಬಾನಿಗೆ ತಾಗಿದ್ದೆಂದು ಕೆಲವರು. ಹಿಮರಾಶಿಯೇ ಶಕ್ತಿಯನ್ನು ತುಂಬಿಕೊಂಡು ಬೆಳಕನ್ನು ಹೊರಬಿಡುತ್ತದೆಂದು ಮತ್ತೆ ಕೆಲವರು. ತಂದೆಗೆ ಮೂರನೆಯ ಮಾತೇ ಹೆಚ್ಚು ಸಂಭವನೀಯವೆನಿಸಿತು. ಈ ಉತ್ತರಗಳಲ್ಲಿ ಒಂದೂ ನಿಲ್ಲಲಿಲ್ಲ. ಆದರೆ ದೆವ್ವಭೂತಗಳನ್ನು ನಡುವೆ ತರದೆ ಕಾರಣವನ್ನು ಹುಡುಕುವ ಆ ಹದಿಮೂರನೆಯ ಶತಮಾನದ ತಂದೆಯ ಬಗ್ಗೆ ನನಗೆ ಬಹಳ ಗೌರವವಿದೆ.

ಅದೇ ಪುಸ್ತಕದಲ್ಲಿ ತಿಮಿಂಗಿಲಗಳ ಉದ್ದನೆಯ ಪಟ್ಟಿಯೊಂದಿದೆ. ಅವುಗಳಲ್ಲಿ ಒಂದರ ಹೆಸರು 'ಫಿಸ್ಕ್‌ರೆಕಿ', ಎಂದರೆ ಮೀನಟ್ಟುವವನು. ಇದು ಮನುಷ್ಯನಿಗೆ ಅತ್ಯಂತ ಉಪಕಾರಿ. ದೇವರೇ ನೇಮಿಸಿದ ಹಾಗೆ ಹೆರಿಂಗ್ ಮೊದಲಾದ ಮೀನುಗಳನ್ನು ನಡುಗಡಲಿನಿಂದ ದಡದ ಕಡೆಗೆ ಅಟ್ಟಿಕೊಂಡು ಬರುತ್ತದೆ. ಆದರೆ ಒಂದು ಕಟ್ಟಳೆಯುಂಟು. ಬೆಸ್ತರು ತಮ್ಮತಮ್ಮಲ್ಲಿ ಜಗಳವಾಡಿ ರಕ್ತ ಚೆಲ್ಲಿದರೆ ತಿಮಿಂಗಿಲಕ್ಕೆ ಅದು ತಿಳಿದುಹೋಗುತ್ತದೆ. ಆಗ ಅದು ದಡಕ್ಕೂ ಮೀನಿಗೂ ನಡುವೆ ಬಂದು, ಇಡೀ ಹಿಂಡನ್ನು ಮರಳಿ ಕಡಲಿಗೆ ಅಟ್ಟಿಬಿಡುತ್ತದೆ. ತಿಮಿ ಎಂಬ ಮಹಾಮತ್ಸ್ಯವನ್ನೂ ನುಂಗುವುದು ಎಂಬ ಅರ್ಥದಲ್ಲಿ ನಮ್ಮವರು ಇದಕ್ಕೆ ತಿಮಿಂಗಿಲವೆಂದು ಹೆಸರಿಟ್ಟರು; ಅದು ನುಂಗುವ ಬಗೆ ನಮಗೆ ಮುಖ್ಯವಾಯಿತು. ಉತ್ತರದ ಬೆಸ್ತನಿಗೆ ಮುಖ್ಯವಾದದ್ದು ಅದು ತನಗೆ ತಂದುಕೊಡುವ ಪಾಲು. ಈ ಮೀನಟ್ಟುವವನ ಕಥೆಯನ್ನು ಕೇಳುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಆರುನೂರೈವತ್ತು ವರ್ಷಗಳ ತರುವಾಯ ಇದೇ ನಂಬಿಕೆ ಒಂದು ದೇಶದ ಶಾಸನವನ್ನು ಬದಲಾಯಿಸಿತು.

ಅಷ್ಟು ಕಾಲ ದೊಡ್ಡ ತಿಮಿಂಗಿಲಗಳು ಬಹುಮಟ್ಟಿಗೆ ಸುರಕ್ಷಿತವಾಗಿದ್ದವು. ನೀಲಿ ತಿಮಿಂಗಿಲವೂ ಅದರ ಸಮೀಪದ ಬಂಧುಗಳೂ ಬಹಳ ವೇಗವಾಗಿ ಈಜುತ್ತವೆ. ಹುಟ್ಟುಹಾಕುವ ದೋಣಿ ಅವನ್ನು ಹಿಡಿಯಲಾರದು. ಕೊಂದರೂ ದೇಹ ಮುಳುಗಿಹೋಗುತ್ತದೆ. ಈ ಎರಡು ಅಡ್ಡಿಗಳನ್ನೂ ನಿವಾರಿಸಿದವನು ಸ್ವೆಂಡ್ ಫೋಯ್ನ್. ಇವನು 1809ರಲ್ಲಿ ದಕ್ಷಿಣ ನಾರ್ವೆಯ ಟೋನ್ಸ್‌ಬರ್ಗ್‌ನಲ್ಲಿ ಹುಟ್ಟಿ, ಸೀಲ್ ಬೇಟೆಯಿಂದ ಹಣ ಗಳಿಸಿ, ಐವತ್ತು ದಾಟಿದ ಮೇಲೆ ಈ ಹೊಸ ಸಾಹಸಕ್ಕೆ ಕೈ ಹಾಕಿದವನು. 1863ರಲ್ಲಿ ಉಗಿಯಂತ್ರದ ಬೇಟೆಯ ಹಡಗೊಂದನ್ನು ಕಟ್ಟಿಸಿದನು. ಅದಕ್ಕೆ ಇಟ್ಟ ಲ್ಯಾಟಿನ್ ಹೆಸರಿನ ಅರ್ಥ 'ಭರವಸೆ ಮತ್ತು ಶ್ರದ್ಧೆ'. ಅದರ ಮೂಗಿನಲ್ಲಿ ಫಿರಂಗಿಯನ್ನಿರಿಸಿ, ಫಿರಂಗಿಯಿಂದ ಹಾರುವ ಈಟಿಯ ತುದಿಗೆ ಸಿಡಿಗುಂಡನ್ನು ಕಟ್ಟಿದನು. ಈಟಿ ಮೈಯೊಳಗೆ ಹೊಕ್ಕ ಮೇಲೆ ಗುಂಡು ಸಿಡಿಯುತ್ತದೆ. ಈಟಿಯ ಮುಳ್ಳುಗಳು ಅರಳಿ ಹಿಡಿದುಕೊಳ್ಳುತ್ತವೆ. ಬಲವಾದ ಹಗ್ಗವು ಪ್ರಾಣಿಯನ್ನು ಮುಳುಗಗೊಡದೆ ಮೇಲೆಳೆಯುತ್ತದೆ. 1870ರಲ್ಲಿ ಇದಕ್ಕೆ ಸರ್ಕಾರದಿಂದ ಪೇಟೆಂಟ್ ದೊರೆಯಿತು. ಫೋಯ್ನ್ ಪರಮ ದೈವಭಕ್ತ. ಕ್ರೈಸ್ತ ಧರ್ಮಪ್ರಚಾರಕ್ಕೆ ಧಾರಾಳವಾಗಿ ದಾನ ಮಾಡಿದವನು. ಸಿಡಿಗುಂಡಿನ ರಚನೆಯಲ್ಲಿ ಅವನಿಗೆ ನೆರವಾದ ಎಸ್ಮಾರ್ಕ್ ಎಂಬಾತ ಸ್ವತಃ ಪಾದ್ರಿ. ತಿಮಿಂಗಿಲದ ಎಣ್ಣೆಯಿಂದ ದೀಪ ಉರಿಯಬೇಕು, ಸಾಬೂನು ಆಗಬೇಕು, ಯಂತ್ರ ತಿರುಗಬೇಕು. ಭಗವಂತನು ಅದಕ್ಕಾಗಿಯೇ ಆ ಪ್ರಾಣಿಯನ್ನು ಇರಿಸಿದ್ದಾನೆಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಫೋಯ್ನ್ ತನ್ನ ಕಾರ್ಖಾನೆಗೆ ಆರಿಸಿಕೊಂಡದ್ದು ನಾರ್ವೆಯ ಈಶಾನ್ಯ ತುದಿಯ ಫಿನ್‌ಮಾರ್ಕ್ ಪ್ರಾಂತದ ವಾಡ್ಸೊ ಬಂದರನ್ನು. ಸುಮಾರು ಹತ್ತು ವರ್ಷ ಏಕಸ್ವಾಮ್ಯ ಅವನದೇ ಆಗಿತ್ತು. 1882ರಲ್ಲಿ ಅದು ಮುಗಿದೊಡನೆ ದಕ್ಷಿಣದ ಶ್ರೀಮಂತರು ಒಬ್ಬರ ಹಿಂದೊಬ್ಬರು ಅಲ್ಲಿಗೆ ಬಂದರು. ಫಿಯಾರ್ಡಿನಿಂದ ಫಿಯಾರ್ಡಿಗೆ ಕೊಬ್ಬು ಕುದಿಸುವ ಹಂಡೆಗಳ ಹೊಗೆ ಎದ್ದಿತು. ನೀರಿನಲ್ಲಿ ಕೊಳೆತ ಮಾಂಸ ತೇಲಿತು.

ಫಿನ್‌ಮಾರ್ಕಿನ ಬೆಸ್ತರ ಬದುಕಾದರೋ ಒಂದೇ ಸರಪಳಿಗೆ ತಗಲಿಕೊಂಡಿತ್ತು. ವಸಂತಕಾಲದಲ್ಲಿ ಕ್ಯಾಪೆಲಿನ್ ಎಂಬ ಚಿಕ್ಕ ಮೀನು ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ಅದನ್ನು ತಿನ್ನುವ ಕಾಡ್ ಮೀನು ಅದರ ಹಿಂದೆ ಬರುತ್ತದೆ. ಕಾಡ್ ಮೀನನ್ನು ಹಿಡಿಯಲು ಬೆಸ್ತರ ತೆರೆದ ದೋಣಿಗಳು ಬರುತ್ತವೆ. ತಿಮಿಂಗಿಲಗಳೂ ಆಗಲೇ ಬರುವುದನ್ನು ಬೆಸ್ತರು ತಲೆತಲಾಂತರದಿಂದ ಕಂಡಿದ್ದರು. ಕ್ಯಾಪೆಲಿನ್ ಮೀನನ್ನು ದಡಕ್ಕೆ ಒತ್ತಿ ತರುವುದು ತಿಮಿಂಗಿಲವೇ, ಅದನ್ನು ಕೊಂದರೆ ಮೀನು ದಡ ಸೇರದು ಎಂಬುದು ಅವರ ವಾದ. ಮೀನಟ್ಟುವವನು ಸತ್ತಿರಲಿಲ್ಲ. ಗೇಯೊರ್ಗ್ ಸಾರ್ಸ್ ಎಂಬ ಪ್ರಾಣಿವಿಜ್ಞಾನಿ ಸರ್ಕಾರದ ಪರವಾಗಿ ಇದನ್ನು ಪರಿಶೀಲಿಸಿ, ಈ ನಂಬಿಕೆಗೆ ಆಧಾರವಿಲ್ಲವೆಂದನು. ಕ್ಯಾಪೆಲಿನ್ ತನ್ನ ಸಂತಾನಕ್ಕಾಗಿ ತಾನೇ ಬರುತ್ತದೆ; ತಿಮಿಂಗಿಲ ಅದನ್ನು ಹಿಂಬಾಲಿಸಿ ಬರುತ್ತದೆ, ಅಷ್ಟೆ. ವಿಜ್ಞಾನದ ದೃಷ್ಟಿಯಿಂದ ಅವನ ಮಾತೇ ಸರಿ. ಆದರೆ ಅವನ ಮಾತಿನ ಲಾಭ ಯಾರಿಗೆ ಆಗುತ್ತಿದೆಯೆಂಬುದನ್ನು ಬೆಸ್ತರು ಕಣ್ಣಾರೆ ಕಾಣುತ್ತಿದ್ದರು.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೀನು ಕೈಕೊಟ್ಟಿತು. ಉತ್ತರದಿಂದ ಸೀಲ್ ಪ್ರಾಣಿಗಳ ಹಿಂಡುಗಳು ದಡಕ್ಕೆ ನುಗ್ಗಿದವು. ಮನೆಗಳಲ್ಲಿ ಹಸಿವು ಕಾಣಿಸಿಕೊಂಡಿತು. ಅರ್ಜಿಗಳು ರಾಜಧಾನಿಗೆ ಹೋದವು, ಫಲವಾಗಲಿಲ್ಲ. 1903ರ ಜೂನ್ ಆರಂಭದಲ್ಲಿ, ಕ್ರೈಸ್ತರ ಪೆಂತೆಕೋಸ್ತ್ ಹಬ್ಬದ ದಿನಗಳಲ್ಲಿ, ಮೇಹಾಮ್ನ್ ಎಂಬ ಬಂದರಿನಲ್ಲಿ ಸಾವಿರಕ್ಕೂ ಮಿಕ್ಕು ಬೆಸ್ತರು ಸೇರಿದ್ದರು. ಅಲ್ಲಿದ್ದದ್ದು ಫೋಯ್ನನ ಸಂಸ್ಥೆಗೇ ಸೇರಿದ ಕಾರ್ಖಾನೆ. ಫೋಯ್ನ್ ತೀರಿಕೊಂಡು ಆಗಲೇ ಒಂಬತ್ತು ವರ್ಷಗಳಾಗಿದ್ದವು. ಬೆಸ್ತರು ದೋಣಿಯ ಹಗ್ಗಗಳನ್ನು ಕಟ್ಟಡಗಳಿಗೆ ಬಿಗಿದು ಎಳೆದರು. ಗೋಡೆಗಳು ಉರುಳಿದವು, ಹೊಗೆಗೂಡು ಉರುಳಿತು, ಎಣ್ಣೆಯ ಪೀಪಾಯಿಗಳು ಒಡೆದವು. ಕೆಲವು ದಿನಗಳಲ್ಲಿ ಕಾರ್ಖಾನೆ ನೆಲಸಮವಾಯಿತು. ಸರ್ಕಾರ ಸೈನ್ಯವನ್ನು ಕಳಿಸಿತು. ಕೆಲವರಿಗೆ ಶಿಕ್ಷೆಯಾಯಿತು.

ಯಂತ್ರದ ಮೇಲೆ ರೊಚ್ಚಿಗೆದ್ದ ಅಜ್ಞಾನಿಗಳ ದಾಂಧಲೆಯೆಂದು ಅಂದಿನ ರಾಜಧಾನಿಯಲ್ಲಿ ಹಲವರು ಇದನ್ನು ಬಣ್ಣಿಸಿದರು. ನನಗೆ ಹಾಗೆ ತೋರುವುದಿಲ್ಲ. ಬೆಸ್ತರ ಕಾರ್ಯಕಾರಣವಿಚಾರ ತಪ್ಪಾಗಿತ್ತು, ದುಃಖ ತಪ್ಪಾಗಿರಲಿಲ್ಲ. ತಮ್ಮ ಕಣ್ಣೆದುರಿನ ಸಂಪತ್ತು ಎಲ್ಲಿಂದಲೋ ಬಂದವರ ಹಂಡೆಯಲ್ಲಿ ಕುದಿದು, ತಮಗೆ ದುರ್ನಾತವಷ್ಟೇ ಉಳಿಯುವುದನ್ನು ಅವರು ಇಪ್ಪತ್ತು ವರ್ಷ ಸಹಿಸಿದ್ದರು. ಅದೇ ವರ್ಷದ ಚುನಾವಣೆಯಲ್ಲಿ ಸ್ಟೋರ್ಟಿಂಗ್ ಎಂಬ ನಾರ್ವೆಯ ಸಂಸತ್ತಿಗೆ ಕಾರ್ಮಿಕ ಪಕ್ಷದ ಸದಸ್ಯರು ಮೊತ್ತಮೊದಲಿಗೆ ಆಯ್ಕೆಯಾದರು. ಅವರನ್ನು ಕಳಿಸಿದ್ದು ದಕ್ಷಿಣದ ಗಿರಣಿಯ ಊರುಗಳಲ್ಲ, ಉತ್ತರದ ಕಡಲತೀರ. ಸಂಸತ್ತು ಮಣಿಯಿತು. 1904ರಿಂದ ಹತ್ತು ವರ್ಷಗಳ ಕಾಲ ಉತ್ತರದ ಮೂರು ಪ್ರಾಂತಗಳ ಕಡಲಿನಲ್ಲಿ ತಿಮಿಂಗಿಲ ಬೇಟೆ ನಿಷಿದ್ಧವಾಯಿತು. ದಯೆಯಿಂದ ಹುಟ್ಟಿದ ಕಾನೂನು ಇದಲ್ಲ. ವಿಜ್ಞಾನ ಒಪ್ಪದ ಒಂದು ನಂಬಿಕೆ ತಿಮಿಂಗಿಲವನ್ನು ಕಾಯಿತು.

ಕಾಯಿತು ಎಂದರೆ ಅಲ್ಲಿ ಮಾತ್ರ. ನಾರ್ವೆಯ ಬೇಟೆಗಾರರು ಅಷ್ಟು ಹೊತ್ತಿಗೆ ಬೇರೆ ಕಡಲುಗಳ ಮೇಲೆ ಕಣ್ಣು ಹಾಕಿದ್ದರು. 1904ರ ನವೆಂಬರಿನಲ್ಲಿ, ಎಂದರೆ ನಿಷೇಧ ಬಂದ ವರ್ಷವೇ, ಕಾರ್ಲ್ ಆಂಟನ್ ಲಾರ್ಸೆನ್ ಎಂಬ ನಾರ್ವೆಯ ನಾವಿಕ ಭೂಮಿಯ ಇನ್ನೊಂದು ತುದಿಯಲ್ಲಿ, ಅಂಟಾರ್ಕ್ಟಿಕದ ಹತ್ತಿರದ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕೆನ್‌ನಲ್ಲಿ, ಕಾರ್ಖಾನೆ ತೆರೆದನು. ಫೋಯ್ನನ ಈಟಿ ಅಲ್ಲಿಗೆ ಹೋಯಿತು. ಅಲ್ಲಿ ಹಗ್ಗ ಹಿಡಿದು ಬರುವ ಬೆಸ್ತರು ಯಾರೂ ಇರಲಿಲ್ಲ. 1930–31ರ ಒಂದೇ ಋತುವಿನಲ್ಲಿ ಅಂಟಾರ್ಕ್ಟಿಕ ಕಡಲಿನಲ್ಲಿ ಕೊಂದ ನೀಲಿ ತಿಮಿಂಗಿಲಗಳ ಸಂಖ್ಯೆ 29,000ಕ್ಕೂ ಹೆಚ್ಚು.

ಇನ್ನು ಬಾನಿನ ಬೆಳಕಿನ ವಿಷಯ. ಮೇಹಾಮ್ನ್ ಗಲಭೆಗೆ ಮುಂಚಿನ ಚಳಿಗಾಲದಲ್ಲಿ, ಫಿನ್‌ಮಾರ್ಕಿನ ಆಲ್ಟಾ ಎಂಬಲ್ಲಿಯ ಕೋಫಿಯಾರ್ಡ್ ದಂಡೆಯಲ್ಲಿ, ಬೇರೊಂದು ಬಗೆಯ ಬೇಟೆ ನಡೆದಿತ್ತು. ಕ್ರಿಸ್ಟಿಯಾನ್ ಬಿರ್ಕೆಲಾಂಡ್ ಎಂಬ ಭೌತವಿಜ್ಞಾನಿ ನಾರ್ವೆ, ಐಸ್‌ಲ್ಯಾಂಡ್, ಸ್ಪಿಟ್ಸ್‌ಬರ್ಗೆನ್, ನೋವಾಯಾ ಜೆಮ್ಲ್ಯಾಗಳಲ್ಲಿ ನಾಲ್ಕು ವೀಕ್ಷಣಾ ಕೇಂದ್ರಗಳನ್ನು ಹೂಡಿ, 1902–03ರ ಇಡೀ ಚಳಿಗಾಲ ಧ್ರುವಪ್ರಭೆಯನ್ನೂ ಕಾಂತಸೂಚಿಯ ಚಲನೆಯನ್ನೂ ಒಟ್ಟಿಗೆ ದಾಖಲಿಸಿದನು. ಪ್ರಭೆ ಆಡುವಾಗ ಕಾಂತಸೂಚಿ ತೊನೆಯುತ್ತದೆಂಬುದು 1741ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ಮತ್ತು ಹಿಯೋರ್ಟರ್ ಅವರ ಕಾಲದಿಂದಲೂ ಗೊತ್ತಿತ್ತು. ಬಿರ್ಕೆಲಾಂಡ್ ಅದರ ಕಾರಣವನ್ನು ಸೂರ್ಯನಲ್ಲಿ ಹುಡುಕಿದನು. ಸೂರ್ಯನಿಂದ ಹೊರಟ ವಿದ್ಯುತ್ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವಗಳತ್ತ ಸೆಳೆಯುತ್ತದೆ, ಅವು ವಾಯುಮಂಡಲಕ್ಕೆ ಬಡಿದಾಗ ಬೆಳಕು ಹುಟ್ಟುತ್ತದೆ ಎಂಬುದು ಅವನ ಸಿದ್ಧಾಂತದ ತಿರುಳು. ಇದಕ್ಕಾಗಿ 1899ರಲ್ಲಿಯೇ ಅವನು ಆಲ್ಟಾ ಸಮೀಪದ ಹಾಲ್ದೆ ಬೆಟ್ಟದ ನೆತ್ತಿಯಲ್ಲಿ, 900 ಮೀಟರ್ ಎತ್ತರದಲ್ಲಿ, ಕಲ್ಲುಮನೆ ಕಟ್ಟಿಸಿ ಗಾಳಿ ಹಿಮಗಳ ನಡುವೆ ಒಂದು ಚಳಿಗಾಲ ಕಳೆದಿದ್ದನು. ಆ ಯಾತ್ರೆಯಲ್ಲಿ ಅವನ ತರುಣ ಸಹಾಯಕನೊಬ್ಬ ಹಿಮಕುಸಿತಕ್ಕೆ ಸಿಕ್ಕಿ ಸತ್ತನು. ಲಂಡನ್ನಿನ ವಿದ್ವಾಂಸರು ಬಹುಕಾಲ ಬಿರ್ಕೆಲಾಂಡನ ಮಾತನ್ನು ಒಪ್ಪಲಿಲ್ಲ. ಅವನು 1917ರಲ್ಲಿ ಟೋಕಿಯೋದಲ್ಲಿ ಕಣ್ಮುಚ್ಚಿದನು. ಅವನು ಹೇಳಿದ ವಿದ್ಯುತ್‌ಪ್ರವಾಹಗಳು ಮೇಲಣ ಬಾನಿನಲ್ಲಿ ನಿಜವಾಗಿ ಹರಿಯುತ್ತವೆಯೆಂಬುದನ್ನು 1970ರ ದಶಕದ ವೇಳೆಗೆ ಉಪಗ್ರಹಗಳು ತೋರಿಸಿಕೊಟ್ಟವು.

ಸುಮಾರು ನೂರು ಕಿಲೋಮೀಟರಿಗೂ ಮೇಲೆ ಆಮ್ಲಜನಕದ ಪರಮಾಣುಗಳು ಹೊರಸೂಸುವುದು ಹಸಿರು ಬೆಳಕು. ಅದಕ್ಕೂ ಬಹಳ ಎತ್ತರದಲ್ಲಿ ಅದೇ ಆಮ್ಲಜನಕ ಕೆಂಪು ಬೆಳಕನ್ನು ಸೂಸುತ್ತದೆ. ಎತ್ತರದಲ್ಲಿರುವುದರಿಂದ ಕೆಂಪು ಬಹು ದೂರಕ್ಕೆ ಕಾಣುತ್ತದೆ. 2024ರ ಮೇ 10–11ರ ರಾತ್ರಿ ಪ್ರಬಲವಾದ ಸೌರಬಿರುಗಾಳಿ ಎದ್ದಾಗ, ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ದಿಗಂತದ ಈ ಕೆಂಪು ಸೆರೆಯಾದದ್ದನ್ನು ಹಲವರು ಪತ್ರಿಕೆಗಳಲ್ಲಿ ಓದಿರಬಹುದು. ಬೆಳಕಿನ ಕಥೆಗೂ ತಿಮಿಂಗಿಲದ ಕಥೆಗೂ ಇರುವ ಅಂತರ ಇಷ್ಟೇ: ಬೆಳಕಿಗೆ ಯಾರೂ ಬೆಲೆ ಕಟ್ಟಲಿಲ್ಲವಾದ್ದರಿಂದ ಅದು ನಮ್ಮ ತಪ್ಪು ಸಿದ್ಧಾಂತಗಳಿಂದ ಕೆಡಲಿಲ್ಲ.

ತಿಮಿಂಗಿಲಕ್ಕೆ ಆ ಭಾಗ್ಯವಿರಲಿಲ್ಲ. ಇಲ್ಲಿ ಹೆರಿಂಗ್ ಮೀನಿನ ಮಾತಿಗೆ ಬರಬೇಕು. ಇದು ನಮ್ಮ ಕರಾವಳಿಯ ಭೂತಾಯಿಗೆ ಹತ್ತಿರದ ಬಳಗದ ಮೀನು. ಭೂತಾಯಿ ಬಾರದ ವರ್ಷ ಮಂಗಳೂರು ಮಲ್ಪೆಗಳಲ್ಲಿ ಏನಾಗುತ್ತದೆಂಬುದನ್ನು ಬಲ್ಲವರಿಗೆ ನಾರ್ವೆಯ ಹೆರಿಂಗ್ ಎಂಥದೆಂದು ಬೇರೆ ವಿವರಿಸಬೇಕಿಲ್ಲ. 1960ರ ದಶಕದಲ್ಲಿ ನೀರಿನೊಳಗಿನ ಹಿಂಡನ್ನು ಧ್ವನಿಯಿಂದ ಪತ್ತೆಹಚ್ಚುವ ಸೋನಾರ್ ಬಂದಿತು. ಭಾರಿ ಬಲೆಯನ್ನು ಯಂತ್ರದಿಂದ ಎಳೆಯುವ ರಾಟೆ ಬಂದಿತು. ಆ ದಶಕ ಮುಗಿಯುವುದರೊಳಗೆ, ಲಕ್ಷಗಟ್ಟಲೆ ಟನ್ನುಗಳಲ್ಲಿ ಎಣಿಸುತ್ತಿದ್ದ ಹೆರಿಂಗ್ ಬಹುತೇಕ ಬರಿದಾಯಿತು. ಹಿಡಿದವರು ಮನುಷ್ಯರು, ಆದರೆ ದೂರು ಹೋದದ್ದು ಓರ್ಕಾದ ಮೇಲೆ. ಹೆರಿಂಗನ್ನು ತಿಂದು ಮುಗಿಸುತ್ತಿರುವುದು ಇದೇ ಎಂದು 1970ರ ದಶಕದ ಕೊನೆಯಲ್ಲಿ, ಸರ್ಕಾರದ ಬೆಂಬಲದಿಂದಲೇ, ನೂರಾರು ಓರ್ಕಾಗಳನ್ನು ಕೊಂದರು. ಮೊಮ್ಮಕ್ಕಳ ಕಾಲಕ್ಕೆ ಮೀನಟ್ಟುವವನು ಮೀನುಗಳ್ಳನಾಗಿದ್ದನು. 1980ರ ದಶಕದ ಮೊದಲಲ್ಲಿ ಈ ಕೊಲೆ ನಿಂತಿತು. ಮೀನುಗಾರಿಕೆಯನ್ನು ಕಟ್ಟುನಿಟ್ಟಾಗಿ ಹಿಡಿದಿಟ್ಟದ್ದರಿಂದ, 1983ರಲ್ಲಿ ಹುಟ್ಟಿದ ಮರಿಗಳು ಸಮೃದ್ಧವಾಗಿ ಉಳಿದುದರಿಂದ, ಹೆರಿಂಗ್ ಮೆಲ್ಲನೆ ಚೇತರಿಸಿಕೊಂಡಿತು.

ಹೆರಿಂಗ್ ಚಳಿಗಾಲವನ್ನು ಎಲ್ಲಿ ಕಳೆಯುತ್ತದೆ ಎಂಬುದಕ್ಕೆ ನಿಯಮವಿಲ್ಲ. 1980ರ ದಶಕದ ಕೊನೆಯಿಂದ ಬಹಳ ವರ್ಷ ಅದು ಇನ್ನಷ್ಟು ದಕ್ಷಿಣದ ಟೀಸ್‌ಫಿಯಾರ್ಡ್ ಸುತ್ತಮುತ್ತ ನೆಲೆಸಿತ್ತು. ಓರ್ಕಾಗಳು ಹಿಂದೆಯೇ ಹೋದವು, ಅವನ್ನು ನೋಡುವ ಯಾತ್ರಿಕರ ದೋಣಿಗಳು ಅಲ್ಲಿಯೇ ಶುರುವಾದವು. ಈ ಶತಮಾನದ ಮೊದಲ ದಶಕದಲ್ಲಿ ಮೀನು ಆ ಜಾಗವನ್ನು ತೊರೆದು ಹೊರಗಡಲಿಗೆ ಹೋಯಿತು. ಅಲ್ಲಿಯ ವ್ಯಾಪಾರವೂ ಮುಗಿಯಿತು. ಮುಂದಿನ ದಶಕದಲ್ಲಿ ಟ್ರೋಮ್ಸೊ ಬಳಿಯ ಫಿಯಾರ್ಡುಗಳಲ್ಲಿ ಕಾಣಿಸಿಕೊಂಡು, 2017ರ ಸುಮಾರಿಗೆ ಮತ್ತೂ ಉತ್ತರಕ್ಕೆ ಸರಿದು, ಶೆರ್ವೊಯ್ ದ್ವೀಪದ ಮಗ್ಗುಲಿನ ಕ್ವೆನಾಂಗೆನ್ ಫಿಯಾರ್ಡಿಗೆ ಬಂದಿತು. ಮೊದಲು ಹೇಳಿದ ಹಾಯಿಹಡಗುಗಳು ಅಲ್ಲಿ ತಂಗುವುದರ ಕಾರಣ ಇದೇ. ಇದೇ ಶೆರ್ವೊಯ್ ಬಂದರಿಗೆ 1896ರ ಆಗಸ್ಟ್ 20ರಂದು, ಧ್ರುವದ ಹಿಮದಲ್ಲಿ ಮೂರು ವರ್ಷ ಸಿಲುಕಿ ತೇಲಿದ ನಾನ್ಸೆನ್ನನ 'ಫ್ರಾಮ್' ಹಡಗು ಬಂದು ಸೇರಿತ್ತು. 1944ರ ಶರತ್ಕಾಲದಲ್ಲಿ ಹಿಮ್ಮೆಟ್ಟುವ ಜರ್ಮನ್ ಸೇನೆ ಹಾಲ್ದೆ ಬೆಟ್ಟದ ಬಿರ್ಕೆಲಾಂಡನ ಕಲ್ಲುಮನೆಯನ್ನು ಸುಟ್ಟಿತು. ಅದನ್ನು ಬಳಿಕ ಮತ್ತೆ ಕಟ್ಟಿದ್ದಾರೆ.

ಓರ್ಕಾಗಳು ಮೀನು ಹಿಡಿಯುವ ರೀತಿಯನ್ನು ನೋಡಿದರೆ ಹಳೆಯ ಬೆಸ್ತರ ಮೇಲೆ ನಗಲು ಮನಸ್ಸಾಗುವುದಿಲ್ಲ. ಅವು ಗುಂಪಾಗಿ ಹಿಂಡನ್ನು ಸುತ್ತುಗಟ್ಟಿ, ಬಿಳಿಯ ಹೊಟ್ಟೆಯನ್ನು ಮಿಂಚಿಸಿ ಬೆದರಿಸಿ, ಹೆರಿಂಗುಗಳನ್ನು ಒತ್ತಾದ ಚೆಂಡಿನಂತೆ ಮಾಡಿ ನೀರಿನ ಮೇಲಕ್ಕೆ ಅಟ್ಟುತ್ತವೆ. ಬಾಲದಿಂದ ಬಡಿದು ಮೂರ್ಛೆಗೊಳಿಸಿ ಒಂದೊಂದಾಗಿ ತಿನ್ನುತ್ತವೆ. ಅಷ್ಟರಲ್ಲಿ ಗೂನುಬೆನ್ನಿನ ತಿಮಿಂಗಿಲವೊಂದು ಕೆಳಗಿನಿಂದ ಬಾಯ್ದೆರೆದು ಬಂದು ಅವು ಕೂಡಿಸಿದ್ದನ್ನೆಲ್ಲ ಒಂದೇ ತುತ್ತಿಗೆ ನುಂಗುವುದೂ ಉಂಟು. ಮೀನನ್ನು ಅಟ್ಟುವ ತಿಮಿಂಗಿಲವೊಂದಿದೆ ಎಂಬಷ್ಟರ ಮಟ್ಟಿಗೆ 'ಅರಸನ ಕನ್ನಡಿ'ಯ ತಂದೆ ಸುಳ್ಳು ಹೇಳಿರಲಿಲ್ಲ. ಅದು ಯಾರಿಗಾಗಿ ಅಟ್ಟುತ್ತದೆ ಎಂಬುದರಲ್ಲಿ ಮಾತ್ರ ಅವನ ಲೆಕ್ಕ ತಪ್ಪಿತ್ತು.

ಈಗ ಆ ಕಿರಿದಾದ ನೀರಿನಲ್ಲಿ ಮೂವರೂ ಒಟ್ಟಿಗೆ ಇದ್ದಾರೆ: ಹೆರಿಂಗ್ ಹಿಡಿಯುವ ಭಾರಿ ಹಡಗುಗಳು, ಅವುಗಳ ಬಲೆಯ ಸುತ್ತ ಸೇರುವ ತಿಮಿಂಗಿಲಗಳು, ತಿಮಿಂಗಿಲಗಳನ್ನು ನೋಡಬಂದವರ ದೋಣಿಗಳು. ಕತ್ತಲಿನಲ್ಲಿ ಬಲೆಯ ಪಕ್ಕಕ್ಕೇ ದೋಣಿ ನುಗ್ಗಿಸುವವರ ಮೇಲೆ ಬೆಸ್ತರ ದೂರುಗಳು ಎದ್ದವು. ಇಷ್ಟು ದೂರದಲ್ಲಿರಬೇಕೆಂದು ಸರ್ಕಾರ ನಿಯಮ ಮಾಡಬೇಕಾಯಿತು. ನೋಡುವ ಆಸೆಯೂ ನಿರಪರಾಧಿಯಲ್ಲವೆಂದು ಆ ಬೆಸ್ತರು ಹೇಳಿದರೆ ನಾನು ಅಲ್ಲಗಳೆಯಲಾರೆ. ಅತ್ತ 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ವಾಣಿಜ್ಯ ಬೇಟೆಯನ್ನು ತಡೆಹಿಡಿಯಲು ತೀರ್ಮಾನಿಸಿದಾಗ ನಾರ್ವೆ ಆಕ್ಷೇಪ ಸಲ್ಲಿಸಿತು. 1993ರಿಂದ ಚಿಕ್ಕ ಜಾತಿಯ ಮಿಂಕೆ ತಿಮಿಂಗಿಲದ ಬೇಟೆಯನ್ನು ಮತ್ತೆ ನಡೆಸುತ್ತಿದೆ. ಬೇಟೆಯ ಕಾಲ ವಸಂತ ಮತ್ತು ಬೇಸಗೆ, ನೋಟದ ಕಾಲ ಚಳಿಗಾಲ. ಇಬ್ಬರ ದೋಣಿಗಳು ಎದುರುಬದುರಾಗುವುದು ಅಪರೂಪ.

ಜನವರಿಯ ಕೊನೆಯ ಹೊತ್ತಿಗೆ ಶೆರ್ವೊಯ್ ಬೆಟ್ಟಗಳ ಸಂದಿನಲ್ಲಿ ಸೂರ್ಯನ ಅಂಚು ಮತ್ತೆ ತೋರುತ್ತದೆ. ಹೆರಿಂಗ್ ಮೊಟ್ಟೆಯಿಡಲು ದಕ್ಷಿಣದ ಕರಾವಳಿಯತ್ತ ಹೊರಡುತ್ತದೆ. ಓರ್ಕಾಗಳು ಅದರ ಹಿಂದೆ ಹೋಗುತ್ತವೆ. ಗೂನುಬೆನ್ನಿನ ತಿಮಿಂಗಿಲಗಳು ಅಟ್ಲಾಂಟಿಕ್ ಕಡಲನ್ನು ದಾಟಿ, ಮರಿಹಾಕುವುದಕ್ಕಾಗಿ ಕೆರಿಬಿಯನ್ ದ್ವೀಪಗಳ ಬೆಚ್ಚನೆಯ ನೀರಿನ ಕಡೆಗೆ ಸಾವಿರಾರು ಮೈಲಿಗಳ ದಾರಿ ಹಿಡಿಯುತ್ತವೆ. ಹಾಯಿಹಡಗುಗಳೂ ಬಂದರನ್ನು ಬಿಡುತ್ತವೆ. ಮುಂದಿನ ನವೆಂಬರಿನಲ್ಲಿ ಅವು ಯಾವ ಫಿಯಾರ್ಡಿಗೆ ಬರಬೇಕೆಂಬುದು ಹೆರಿಂಗ್ ಮೀನಿಗೆ ಬಿಟ್ಟದ್ದು.